ಮಳೆ ರಜೆಯ ಫಾರ್ವರ್ಡ್‌ನಿಂದ ಪಿಎಚ್‌ಡಿವರೆಗೆ: ಮಾಧ್ಯಮ ಸಂಶೋಧನೆಗೆ ಯಾವ ದಾರಿ ಹಿಡಿಯಬೇಕು?

ಪತ್ರಿಕೋದ್ಯಮ ಎಂಎ ಕೊನೆಯ ಸೆಮಿಸ್ಟರ್‌ನವರ ಸಿನಾಪ್ಸಿಸ್‌ಗಳಲ್ಲಿ (ಪ್ರಬಂಧ ಬರೆಯುವ ಮೊದಲು ಕೊಡುವ ಯೋಜನೆ) ಒಂದು ತಲೆಬರಹ ಮತ್ತೆ ಮತ್ತೆ ಕಾಣುತ್ತದೆ. "ಸಾಮಾಜಿಕ ಜಾಲತಾಣಗಳು ಕರಾವಳಿಯ ಯುವಜನರ ಮೇಲೆ ಬೀರುವ ಪರಿಣಾಮ: ಒಂದು ಅಧ್ಯಯನ." ಕೆಳಗೆ ವಿಧಾನ ಎಂಬಲ್ಲಿ ಒಂದೇ ಸಾಲು: "ಗೂಗಲ್ ಫಾರ್ಮ್ ಮೂಲಕ 100 ಜನರ ಸರ್ವೆ." ಕೊಣಾಜೆ ಇರಲಿ, ಮಣಿಪಾಲ ಇರಲಿ, ಉಜಿರೆ, ಮೂಡುಬಿದಿರೆ ಇರಲಿ, ಕರಾವಳಿಯ ಎಲ್ಲ ಕ್ಯಾಂಪಸ್‌ಗಳಲ್ಲೂ ಇದೇ ಕಥೆ. ಕೆಲವು ವರ್ಷ ಪತ್ರಿಕೆಯ ಡೆಸ್ಕ್‌ನಲ್ಲಿದ್ದು ಈಗ ಇಂಥ ಸಿನಾಪ್ಸಿಸ್ ಓದುವ ಕೆಲಸ ಮಾಡುತ್ತಿರುವುದರಿಂದ ಹೇಳುತ್ತಿದ್ದೇನೆ, ಟಾಪಿಕ್ ಕೆಟ್ಟದ್ದಲ್ಲ. ಕೇಳಿದ ಪ್ರಶ್ನೆಗೂ ಹಿಡಿದ ದಾರಿಗೂ ಸಂಬಂಧ ಇಲ್ಲ, ಅಷ್ಟೇ.

ಸುದ್ದಿಯ ಬಗ್ಗೆ ಕೇಳಬಹುದಾದ ಪ್ರಶ್ನೆಗಳು ಮುಖ್ಯವಾಗಿ ನಾಲ್ಕು. ಏನು ಬಂತು? ಯಾಕೆ ಹಾಗೇ ಬಂತು? ಓದಿದವರು ಏನು ಮಾಡಿದರು? ಅದು ಹೇಗೆ ಹರಡಿತು? ಒಂದೊಂದಕ್ಕೂ ಬೇರೆ ಬೇರೆ ದಾರಿ ಇದೆ. ಏನು ಬಂತು ಎಂದು ಎಣಿಸಿದವರು ಕೊನೆಯ ಅಧ್ಯಾಯದಲ್ಲಿ "ಆದ್ದರಿಂದ ಜನರ ಮೇಲೆ ಪರಿಣಾಮ ಆಗಿದೆ" ಎಂದು ಬರೆದರೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಸಿಕ್ಕಿಬೀಳುತ್ತಾರೆ. ಹೆಚ್ಚಿನವರು ಸಿಕ್ಕಿಬೀಳುವುದೂ ಅಲ್ಲೇ.

ಹೋಲಿಸಿ ನೋಡಲು ಒಂದೇ ವಿಷಯ ಇಟ್ಟುಕೊಳ್ಳೋಣ. ಮಂಗಳೂರು, ಉಡುಪಿಯ ಯಾವ ಮನೆಯಲ್ಲಿ ಕೇಳಿದರೂ ಗೊತ್ತಿರುವ ವಿಷಯ, ಮಳೆ ರಜೆ. ಜುಲೈಯ ಒಂದು ರಾತ್ರಿ, ಹೊರಗೆ ಜಡಿಮಳೆ, ಪೋಷಕರ ವಾಟ್ಸಾಪ್ ಗ್ರೂಪ್‌ಗೆ ಒಂದು ಫೋಟೋ ಬರುತ್ತದೆ. ಜಿಲ್ಲಾಧಿಕಾರಿಗಳ ಆದೇಶ, ಸೀಲು, ಸಹಿ ಎಲ್ಲ ಇದೆ, ನಾಳೆ ಶಾಲೆ ಕಾಲೇಜುಗಳಿಗೆ ರಜೆ. ಆದೇಶ ನಿಜವೇ, ಆದರೆ ಹೋದ ವರ್ಷದ್ದು, ತಾರೀಖು ಮಾತ್ರ ತಿದ್ದಿದ್ದು. ಅರ್ಧ ಗಂಟೆಯಲ್ಲಿ "ಇದು ಫೇಕ್" ಎಂಬ ಇನ್ನೊಂದು ಮೆಸೇಜ್. ಅಷ್ಟರಲ್ಲಿ ಯಾರೋ ಮಗುವಿನ ಅಲಾರಂ ತೆಗೆದಿರುತ್ತಾರೆ. ಇದರ ಮೇಲೆ ಒಂದು ಒಳ್ಳೆಯ ಪ್ರಬಂಧ ಬರೆಯಬಹುದು. ಆದರೆ ಯಾವ ದಾರಿಯಲ್ಲಿ?

ಎಣಿಸುವ ದಾರಿ

ಕಂಟೆಂಟ್ ಅನಾಲಿಸಿಸ್ ಎಂದರೆ ಪ್ರಕಟವಾದದ್ದನ್ನು ನಿಯಮ ಹಾಕಿಕೊಂಡು ಎಣಿಸುವುದು. ನಾಲ್ಕೈದು ತಿಂಗಳಲ್ಲಿ ಮುಗಿಸಬೇಕಾದ ಎಂಎ ಪ್ರಬಂಧಕ್ಕೆ ನನ್ನ ಮೊದಲ ಶಿಫಾರಸು ಇದೇ. ಯಾರ ಅಪಾಯಿಂಟ್‌ಮೆಂಟಿಗೂ ಕಾಯಬೇಕಿಲ್ಲ. ಪೇಪರ್ ಸಿಕ್ಕಿದರೆ ಸಾಕು.

ಮಳೆ ರಜೆಗೆ ಇದು ಅಷ್ಟಾಗಿ ಹೊಂದುವುದಿಲ್ಲ, ಯಾಕೆಂದರೆ ಅದು ನಡೆಯುವುದು ಫೋನ್ ಒಳಗೆ. ಅದರ ಪಕ್ಕದ ವಿಷಯ ತೆಗೆದುಕೊಳ್ಳಿ, ಕಡಲ್ಕೊರೆತ. ಉಳ್ಳಾಲ, ಉಚ್ಚಿಲ, ಸೋಮೇಶ್ವರದ ಕಡೆ ಪ್ರತಿ ಮಳೆಗಾಲ ಮನೆ, ತೆಂಗಿನಮರ, ರಸ್ತೆ ಸಮುದ್ರಕ್ಕೆ ಹೋದ ಸುದ್ದಿ ಬರುತ್ತದೆ. ಆ ಸುದ್ದಿಯಲ್ಲಿ ಮಾತಾಡುವವರು ಯಾರು? ಮನೆ ಕಳೆದುಕೊಂಡವರಾ, ಇಂಜಿನಿಯರಾ, ಶಾಸಕರಾ? ಕಲ್ಲು ಹಾಕುವ ಕಾಮಗಾರಿಗೆ ಎಷ್ಟು ಜಾಗ, ಯಾಕೆ ಕೊರೆಯುತ್ತಿದೆ ಎಂಬುದಕ್ಕೆ ಎಷ್ಟು? ಇದು ಎಣಿಸಿ ಹೇಳಬಹುದಾದ ಪ್ರಶ್ನೆ.

ಯಾವ ದಿನಗಳ ಪೇಪರ್ ಎಂಬಲ್ಲೇ ಮೊದಲ ಆಯ್ಕೆ. ಪುಸ್ತಕಗಳಲ್ಲಿ ಕಟ್ಟಿದ ವಾರ ಎಂಬ ಪದ್ಧತಿ ಇದೆ. ವರ್ಷದ ಎಲ್ಲ ಸೋಮವಾರಗಳಿಂದ ಚೀಟಿ ಎತ್ತಿ ಒಂದು ಸೋಮವಾರ, ಎಲ್ಲ ಮಂಗಳವಾರಗಳಿಂದ ಒಂದು ಮಂಗಳವಾರ, ಹೀಗೆ ಏಳು ದಿನ ಸೇರಿಸುವುದು. ರಿಫ್, ಆಸ್ಟ್, ಲೇಸಿ ಎಂಬ ಮೂವರು 1993ರಲ್ಲಿ ಪರೀಕ್ಷಿಸಿ, ಒಂದು ದಿನಪತ್ರಿಕೆಯ ಇಡೀ ವರ್ಷವನ್ನು ಅಂದಾಜು ಮಾಡಲು ಇಂಥ ಎರಡು ವಾರ ಸಾಕು ಎಂದರು. ಪತ್ರಿಕೆಯ ಸಾಮಾನ್ಯ ಚಿತ್ರ ಬೇಕಾದರೆ ಇದು ಚೆನ್ನ. ಕಡಲ್ಕೊರೆತಕ್ಕೆ ಮಾತ್ರ ಹಿಡಿಯಬೇಡಿ. ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಪಾಗಿ ಬರುವ ಸುದ್ದಿ, ಚೀಟಿ ಎತ್ತಿದರೆ ಮೂರರಲ್ಲಿ ಎರಡು ಪಾಲು ದಿನಗಳು ಮಳೆಗಾಲದ ಹೊರಗೇ ಹೋಗುತ್ತವೆ. ಅಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗಿನ 122 ದಿನವನ್ನೂ ನೋಡಬೇಕು. ಎರಡು ಪತ್ರಿಕೆಯಾದರೆ 244 ಸಂಚಿಕೆ. ಕರಾವಳಿ ಪುಟಗಳು ಮತ್ತು ಮುಖಪುಟ ಮಾತ್ರ ನೋಡಿದರೆ ಒಬ್ಬರೇ ಮಾಡಬಹುದಾದ ಕೆಲಸ.

ಎರಡನೇ ತೊಡಕು ಎಡಿಶನ್, ಅಂದರೆ ಒಂದೇ ಪತ್ರಿಕೆಯ ಊರೂರಿನ ಆವೃತ್ತಿ. ಮಂಗಳೂರಿನಲ್ಲಿ ಸಿಗುವ ಪೇಪರಿನ ಒಳಪುಟ ಕುಂದಾಪುರದಲ್ಲಿ ಸಿಗುವುದಿಲ್ಲ, ಅಲ್ವಾ. ದೂರದ ಎಡಿಶನ್ ಮೊದಲು ಪ್ರಿಂಟಿಗೆ ಹೋಗುತ್ತದೆ, ಹಾಗಾಗಿ ರಾತ್ರಿ ಹತ್ತೂವರೆಯ ಸುದ್ದಿ ಒಂದರಲ್ಲಿರುತ್ತದೆ, ಇನ್ನೊಂದರಲ್ಲಿರುವುದಿಲ್ಲ. ಯಾವ ಎಡಿಶನ್ ನೋಡಿದ್ದು ಎಂದು ಬರೆಯದ ಪ್ರಬಂಧಕ್ಕೆ ಬೆಲೆಯಿಲ್ಲ. ಇ-ಪೇಪರ್ ನೋಡುವವರಿಗೆ ಇನ್ನೊಂದು ಮಾತು. ಕನ್ನಡ ಇ-ಪೇಪರ್ ಬಹುಮಟ್ಟಿಗೆ ಪುಟದ ಚಿತ್ರ. "ಕಡಲ್ಕೊರೆತ" ಎಂದು ಸರ್ಚ್ ಕೊಟ್ಟು ಕೂತರೆ ಸಿಗದೇ ಹೋಗುವ ಸುದ್ದಿ ಜಾಸ್ತಿ. ಪುಟ ಪುಟ ತಿರುಗಿಸಿಯೇ ನೋಡಬೇಕು.

ಈಗ ಕೋಡಿಂಗ್, ಅಂದರೆ ಒಂದೊಂದು ಸುದ್ದಿಯನ್ನೂ ಓದಿ ಅದು ಯಾವ ಗುಂಪಿಗೆ ಸೇರುತ್ತದೆ ಎಂದು ಗುರುತು ಹಾಕುವುದು. ಇಲ್ಲೇ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನವರು ಓಡುವುದು ಇಲ್ಲೇ. ಒಂದು ಸುದ್ದಿ ಎದುರಿಗಿದೆ ಎನ್ನಿ. ಜಿಲ್ಲಾ ಉಸ್ತುವಾರಿ ಸಚಿವರು ಸ್ಥಳಕ್ಕೆ ಭೇಟಿ ಕೊಟ್ಟು ಮಾತಾಡಿದ್ದಾರೆ, ಜೊತೆಗೆ ಡಿಸಿ ಇದ್ದಾರೆ, ಕೊನೆಯ ಪ್ಯಾರಾದಲ್ಲಿ ಒಬ್ಬ ಮೀನುಗಾರ ಮಹಿಳೆಯ ಒಂದು ಸಾಲು. ಸುದ್ದಿಯ ಮೂಲ ಯಾರು? ನೀವು ರಾಜಕಾರಣಿ ಎನ್ನುತ್ತೀರಿ, ನಿಮ್ಮ ಗೆಳತಿ ಸರ್ಕಾರ ಎನ್ನುತ್ತಾಳೆ. ಇಬ್ಬರದ್ದೂ ಸರಿಯೇ. ಹಾಗಾಗಿ ನಿಯಮ ಮೊದಲೇ ಬರೆದಿಟ್ಟುಕೊಳ್ಳಬೇಕು: ಮೊದಲು ಮಾತಾಡಿದವರನ್ನು ಮುಖ್ಯ ಮೂಲ ಎಂದು ಹಾಕು, ಉಳಿದವರಿಗೆ ಬೇರೆ ಕಾಲಂ ಇಡು, ಸಚಿವರನ್ನು ಸರ್ಕಾರದ ಲೆಕ್ಕಕ್ಕೆ ಸೇರಿಸು. ನಿಯಮ ಯಾವುದಾದರೂ ಆಗಬಹುದು, ನಡುವೆ ಬದಲಾಗಬಾರದು.

ಆಮೇಲೆ ಇಬ್ಬರು ಬೇರೆ ಬೇರೆ ಕೂತು ಒಂದೇ 100 ಸುದ್ದಿಯನ್ನು ಕೋಡ್ ಮಾಡಬೇಕು. 80ರಲ್ಲಿ ಇಬ್ಬರ ಉತ್ತರ ಒಂದೇ ಬಂತು ಎನ್ನಿ. ಪರವಾಗಿಲ್ವಲ್ಲ ಅನಿಸುತ್ತದೆ. ಆದರೆ ಇಬ್ಬರೂ 100ರಲ್ಲಿ 70ಕ್ಕೆ "ಅಧಿಕಾರಿ", 30ಕ್ಕೆ "ಇತರೆ" ಎಂದು ಹಾಕಿದ್ದರೆ, ಕಣ್ಣು ಮುಚ್ಚಿ ಹಾಕಿದರೂ 58ರಲ್ಲಿ ಹೊಂದಿಕೆಯಾಗುತ್ತಿತ್ತು. 49 ಕಡೆ ಇಬ್ಬರದ್ದೂ ಅಧಿಕಾರಿ, 9 ಕಡೆ ಇಬ್ಬರದ್ದೂ ಇತರೆ. ಅಂದರೆ ನಿಜವಾಗಿ ಗಳಿಸಲು ಉಳಿದಿದ್ದ 42ರಲ್ಲಿ ನೀವು ಗಳಿಸಿದ್ದು 22. 22ನ್ನು 42ರಿಂದ ಭಾಗಿಸಿದರೆ 0.52. ಕೋಡ್ ಮಾಡಿದವರ ಹೊಂದಿಕೆ ಅಳೆಯಲು ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಲೆಕ್ಕ ಇಷ್ಟೇ. ಕ್ರಿಪ್ಪೆನ್‌ಡಾರ್ಫ್ ಇದೇ ಹೊಂದಿಕೆಗೆ ತಾವು ಕೊಟ್ಟ ಆಲ್ಫಾ ಎಂಬ ಅಳತೆಗೆ 0.80 ಬೇಕು, 0.667ಕ್ಕಿಂತ ಕೆಳಗಿದ್ದರೆ ಅದರ ಮೇಲೆ ತೀರ್ಮಾನ ಕಟ್ಟಬೇಡಿ ಎನ್ನುತ್ತಾರೆ. ಎರಡೂ ಒಂದೇ ಲೆಕ್ಕ ಅಲ್ಲ, ಆದರೂ 0.52 ಎಂದರೆ ನಿಯಮ ತಿದ್ದಿ ಮತ್ತೆ ಕೂರಬೇಕು ಎಂದೇ ಅರ್ಥ. ಒಬ್ಬರೇ ಕೋಡ್ ಮಾಡಿದ ಪ್ರಬಂಧಗಳಲ್ಲಿ ಈ ಸಂಖ್ಯೆಯೇ ಇರುವುದಿಲ್ಲ. ಪರೀಕ್ಷಕರು ಮೊದಲು ಹುಡುಕುವುದು ಇದನ್ನೇ.

ಸರ್ವೆ: ಎಲ್ಲರೂ ಹಿಡಿಯುವ ದಾರಿ

ಓದಿದವರು ಏನು ಮಾಡಿದರು ಎಂಬ ಪ್ರಶ್ನೆಗೆ ಸರ್ವೆ ಬೇಕು. ಮಳೆ ರಜೆ ಮೆಸೇಜ್ ಬಂದಾಗ ಎಷ್ಟು ಪೋಷಕರು ಫಾರ್ವರ್ಡ್ ಮಾಡಿದರು, ಎಷ್ಟು ಜನ ಟಿವಿ ಹಾಕಿ ನೋಡಿದರು, ಎಷ್ಟು ಜನ ಶಾಲೆಗೆ ಫೋನ್ ಮಾಡಿದರು? ಇದಕ್ಕೆ ಕೇಳಲೇಬೇಕು.

ಕೇಳುವುದು ಯಾರನ್ನು ಎಂಬಲ್ಲಿ ಎಡವುತ್ತಾರೆ. 384 ಎಂಬ ಸಂಖ್ಯೆ ಎಲ್ಲ ಸಿನಾಪ್ಸಿಸ್‌ಗಳಲ್ಲೂ ಇರುತ್ತದೆ. ಅದು ಕ್ರೇಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಪಟ್ಟಿಯಿಂದ ಬಂದದ್ದು. ದೊಡ್ಡ ಜನಸಂಖ್ಯೆಯಿಂದ ಶೇ. 5ರ ಆಚೀಚೆಯಲ್ಲಿ ಅಂದಾಜು ಬೇಕಾದರೆ ಅಷ್ಟು ಜನ ಸಾಕು ಎಂದು ಆ ಪಟ್ಟಿ ಹೇಳುತ್ತದೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದಲ್ಲಿ 20.9 ಲಕ್ಷ, ಉಡುಪಿಯಲ್ಲಿ 11.8 ಲಕ್ಷ ಜನ. ಎರಡಕ್ಕೂ ಹೆಚ್ಚುಕಡಿಮೆ ಅದೇ 384. ಆದರೆ ಒಂದು ಷರತ್ತಿದೆ: ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿರಬೇಕು. ಕ್ಲಾಸಿನ ಗ್ರೂಪಿಗೆ ಲಿಂಕ್ ಹಾಕಿ, "ಪ್ಲೀಸ್ ಫಿಲ್ ಮಾಡಿ" ಎಂದು ಮೂರು ಸಲ ನೆನಪಿಸಿ ಬಂದ 384 ಉತ್ತರಕ್ಕೆ ಆ ಪಟ್ಟಿಯ ಭರವಸೆ ಅನ್ವಯಿಸುವುದಿಲ್ಲ. ಅದು ನಿಮ್ಮ ಸ್ನೇಹಿತರ ಸ್ನೇಹಿತರ ಅಭಿಪ್ರಾಯ.

ದೊಡ್ಡವರ ಸರ್ವೆಗೂ ಇದೇ ಮಿತಿ ಇದೆ. ಆಕ್ಸ್‌ಫರ್ಡ್‌ನ ರಾಯ್ಟರ್ಸ್ ಇನ್‌ಸ್ಟಿಟ್ಯೂಟ್ ಪ್ರತಿ ವರ್ಷ ಡಿಜಿಟಲ್ ಸುದ್ದಿಯ ಮೇಲೆ ವರದಿ ತರುತ್ತದೆ. ಭಾರತದಲ್ಲಿ ತಾವು ಕೇಳಿದ್ದು ಮುಖ್ಯವಾಗಿ ಇಂಗ್ಲಿಷ್ ಬಲ್ಲ, ಆನ್‌ಲೈನ್‌ನಲ್ಲಿ ಸುದ್ದಿ ಓದುವವರನ್ನು ಎಂದು ಆ ವರದಿಯೇ ಹೇಳಿಕೊಳ್ಳುತ್ತದೆ. ಅದನ್ನು ಓದದೆ "ಭಾರತೀಯರಲ್ಲಿ ಇಷ್ಟು ಶೇಕಡ" ಎಂದು ಉಲ್ಲೇಖಿಸುವವರು ಎಷ್ಟೋ ಜನ. ಮಲ್ಪೆ ಬಂದರಿನಲ್ಲಿ ಬೆಳಗ್ಗೆ ಏಲಂ ಮುಗಿಸಿ ಫೋನ್ ನೋಡುವವರು ಆ ಶೇಕಡಾದೊಳಗೆ ಇಲ್ಲ.

ಹಾಗಾದರೆ ಸರ್ವೆ ಬೇಡವಾ? ಬೇಕು, ಚಿಕ್ಕದಾಗಿ, ಗಡಿ ಹಾಕಿಕೊಂಡು. "ಕರಾವಳಿಯ ಯುವಜನರು" ಬೇಡ. ಒಂದು ಶಾಲೆ ಆರಿಸಿ. ಅಲ್ಲಿನ ಪೋಷಕರ ಪಟ್ಟಿ ಸಿಕ್ಕಿದರೆ ಪ್ರತಿ ಐದನೆಯವರನ್ನು ಕೇಳಿ. ಶಾಲೆಯವರು ಪಟ್ಟಿ ಕೊಡಲು ಹಿಂಜರಿದರೆ, ಚೀಟಿ ಎತ್ತಿದವರ ಮಕ್ಕಳ ಕೈಯಲ್ಲೇ ಮುಚ್ಚಿದ ಕವರಿನಲ್ಲಿ ಪ್ರಶ್ನೆಪಟ್ಟಿ ಕಳಿಸಿ ತರಿಸಿಕೊಳ್ಳಬಹುದು. ಆ ಶಾಲೆಯ ಬಗ್ಗೆ ನೀವು ಹೇಳಿದ್ದನ್ನು ಯಾರೂ ಸುಲಭಕ್ಕೆ ಅಲ್ಲಾಡಿಸಲಾಗದು.

ನೂರೇ ಜನರ ಸರ್ವೆಯಿಂದ ದೊಡ್ಡ ಹೆಸರು ಮಾಡಿದವರೂ ಇದ್ದಾರೆ. ಮೆಕೂಂಬ್ಸ್ ಮತ್ತು ಶಾ 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಹೊತ್ತಿಗೆ ಚಾಪೆಲ್ ಹಿಲ್ ಎಂಬ ಊರಿನಲ್ಲಿ ಯಾರಿಗೆ ಮತ ಎಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಕೇಳಿದರು. 1972ರಲ್ಲಿ ಪ್ರಕಟವಾದ ಆ ಲೇಖನದಿಂದಲೇ ಅಜೆಂಡಾ ಸೆಟ್ಟಿಂಗ್ (ಜನ ಯಾವ ವಿಷಯದ ಬಗ್ಗೆ ಯೋಚಿಸಬೇಕು ಎಂಬುದನ್ನು ಮಾಧ್ಯಮ ಗೊತ್ತುಮಾಡುವುದು) ಎಂಬ ಮಾತು ನಮ್ಮ ಸಿಲೆಬಸ್ಸಿಗೆ ಬಂದದ್ದು. ಅವರು ಬರೀ ಜನರನ್ನು ಕೇಳಿ ಸುಮ್ನಾಗಲಿಲ್ಲ. ಆ ಜನ ಓದುವ ಪತ್ರಿಕೆ, ನೋಡುವ ಟಿವಿಯಲ್ಲಿ ಯಾವ ವಿಷಯಕ್ಕೆ ಎಷ್ಟು ಜಾಗ ಸಿಕ್ಕಿದೆ ಎಂದೂ ಎಣಿಸಿದರು. ಆಮೇಲೆ ಎರಡು ಪಟ್ಟಿಯನ್ನು ಪಕ್ಕ ಪಕ್ಕ ಇಟ್ಟರು. ನಿಮ್ಮ ತಲೆಬರಹದಲ್ಲಿ "ಪರಿಣಾಮ" ಎಂದಿದ್ದರೆ ಕನಿಷ್ಠ ಇಷ್ಟಾದರೂ ಬೇಕು. ಅದರಿಂದಲೂ ಸಿಗುವುದು ಎರಡಕ್ಕೂ ನಂಟಿದೆ ಎಂಬುದು ಮಾತ್ರ. ಪತ್ರಿಕೆ ಜನರನ್ನು ಎಳೆಯಿತಾ, ಜನ ಪತ್ರಿಕೆಯನ್ನು ಎಳೆದರಾ ಎಂದು ಒಂದು ಸಲದ ಸರ್ವೆಯಿಂದ ಹೇಳಲಾಗದು.

ಪ್ರಯೋಗ ಮಾಡಿ ನೋಡುವ ದಾರಿಯೂ ಇದೆ. ಅರ್ಧ ಜನರಿಗೆ ಒಂದು ಬಗೆಯ ಸುದ್ದಿ, ಉಳಿದರ್ಧಕ್ಕೆ ಇನ್ನೊಂದು ಬಗೆಯದ್ದು ಕೊಟ್ಟು ವ್ಯತ್ಯಾಸ ಅಳೆಯುವುದು. ಕಾರಣ ಯಾವುದು ಎಂದು ಹೇಳಲು ಇದಕ್ಕಿಂತ ಗಟ್ಟಿ ದಾರಿ ಇಲ್ಲ. ನಮ್ಮ ವಿಭಾಗಗಳಲ್ಲಿ ಕಲಿಸುವವರು ಕಡಿಮೆ. ನಿಮ್ಮ ಗೈಡ್‌ಗೆ ಮನೋವಿಜ್ಞಾನ ವಿಭಾಗದ ಗೆಳೆಯರಿದ್ದರೆ ಮಾತ್ರ ಕೈಹಾಕಿ.

ಮಾತಾಡಿಸುವುದು, ಕೂತು ನೋಡುವುದು

ಯಾಕೆ ಹಾಗೇ ಬಂತು ಎಂಬುದಕ್ಕೆ ಎಣಿಕೆಯಲ್ಲಿ ಉತ್ತರ ಇಲ್ಲ. ಕಡಲ್ಕೊರೆತದ ಸುದ್ದಿಯಲ್ಲಿ ಅಧಿಕಾರಿಯ ಮಾತೇ ಜಾಸ್ತಿ ಎಂದು ಎಣಿಸಿ ತೋರಿಸಬಹುದು. ವರದಿಗಾರರಿಗೆ ಸ್ಥಳಕ್ಕೆ ಹೋಗಲು ಗಾಡಿ ಇರಲಿಲ್ಲವಾ, ಪ್ರೆಸ್ ನೋಟ್ ಬಂದದ್ದೇ ಸಂಜೆ ಆರಕ್ಕಾ, ಡೆಸ್ಕ್‌ನಲ್ಲಿ ಕೊನೆಯ ಮೂರು ಪ್ಯಾರಾ ಹಾರಿಸಿದರಾ? ಕೇಳದೆ ಗೊತ್ತಾಗದು.

ಸಂದರ್ಶನ ಎಷ್ಟು ಬೇಕು ಎಂದು ಎಲ್ಲರೂ ಕೇಳುತ್ತಾರೆ. ಗೆಸ್ಟ್ ಮತ್ತು ಸಂಗಡಿಗರು 2006ರಲ್ಲಿ ಘಾನಾ, ನೈಜೀರಿಯಾದ 60 ಸಂದರ್ಶನಗಳನ್ನು ಮತ್ತೆ ಜಾಲಾಡಿ, ಮೊದಲ 12ರ ಹೊತ್ತಿಗೆ ಹೊಸ ವಿಚಾರ ಬರುವುದು ಬಹುಪಾಲು ನಿಂತಿತ್ತು ಎಂದರು. ಅದು ಒಂದೇ ಬಗೆಯ ಜನರನ್ನು ಒಂದೇ ಬಗೆಯ ಪ್ರಶ್ನೆ ಕೇಳಿದಾಗ. ಮಂಗಳೂರು ನಗರದ ಸಂಬಳದ ವರದಿಗಾರರು, ತಾಲೂಕಿನ ಬಿಡಿ ಸುದ್ದಿಗಾರರು, ಯೂಟ್ಯೂಬ್ ಚಾನೆಲ್ ನಡೆಸುವವರು ಒಂದೇ ಬಗೆಯಲ್ಲ. ಮೂರಕ್ಕೂ ಬೇರೆ ಬೇರೆ ಲೆಕ್ಕ ಇಡಬೇಕು. ಎಂಎಗೆ ಒಂದು ಬಗೆ ಸಾಕು. ನನ್ನನ್ನು ಕೇಳಿದರೆ ಬಿಡಿ ಸುದ್ದಿಗಾರರನ್ನು ಆರಿಸಿ. ಸುದ್ದಿ ಹುಟ್ಟುವುದು ಅವರ ಕೈಯಲ್ಲಿ, ಅವರ ಬಗ್ಗೆ ಬರೆದವರು ಕಡಿಮೆ.

ವರದಿಗಾರರು ತುಳುವಿನಲ್ಲಿ ಮಾತಾಡಿದರೆ ತಡೆಯಬೇಡಿ. ರೆಕಾರ್ಡರ್ ಇಟ್ಟು ಕನ್ನಡದಲ್ಲಿ ಕೇಳಿದಾಗ ಬರುವ ಉತ್ತರ ಪತ್ರಿಕಾಗೋಷ್ಠಿಯ ಹಾಗಿರುತ್ತದೆ. ಅದೇ ಮನುಷ್ಯ ತುಳುವಿಗೆ ಹೊರಳಿದ ತಕ್ಷಣ ಯಾರು ಫೋನ್ ಮಾಡಿ ಸುದ್ದಿ ತಡೆದರು ಎಂಬುದು ಹೊರಬರುತ್ತದೆ. ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡಕ್ಕೂ ಇದೇ ಮಾತು. ಬರೆದಿಳಿಸುವಾಗ ಮೂಲ ಮಾತನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಟ್ಟುಕೊಳ್ಳಿ, ಅನುವಾದ ಪಕ್ಕದಲ್ಲಿರಲಿ.

ಹೆಸರು ಮುಚ್ಚಿಡುವುದು ಇಲ್ಲಿ ಪುಸ್ತಕದಲ್ಲಿ ಹೇಳಿದಷ್ಟು ಸುಲಭ ಅಲ್ಲ. "ಒಂದು ತಾಲೂಕು ಕೇಂದ್ರದ ಮಹಿಳಾ ವರದಿಗಾರ್ತಿ, 20 ವರ್ಷದ ಅನುಭವ" ಎಂದು ಬರೆದರೆ ಜಿಲ್ಲೆಯ ಇಡೀ ಪ್ರೆಸ್ ಕ್ಲಬ್‌ಗೆ ಯಾರೆಂದು ಗೊತ್ತಾಗುತ್ತದೆ. ತಾಲೂಕು ತೆಗೆಯಿರಿ, ವರ್ಷ ತೆಗೆಯಿರಿ, ಬೇಕಾದರೆ ಹೆಣ್ಣೋ ಗಂಡೋ ಎಂಬುದನ್ನೂ ತೆಗೆಯಿರಿ. ಅವರಿಗೆ ಆ ಕೆಲಸ ಮುಂದೆಯೂ ಬೇಕು.

ಕೂತು ನೋಡುವ ದಾರಿ, ಅಂದರೆ ಸುದ್ದಿಮನೆಯಲ್ಲೇ ತಿಂಗಳುಗಟ್ಟಲೆ ಇದ್ದು ಗಮನಿಸುವುದು, ಪಿಎಚ್‌ಡಿಯವರಿಗೆ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಗೇ ಟುಕ್‌ಮನ್, ಹರ್ಬರ್ಟ್ ಗ್ಯಾನ್ಸ್ ಅಮೆರಿಕದಲ್ಲಿ ಮಾಡಿದ್ದು ಇದನ್ನೇ. ಇಂದಿಗೂ ಸುದ್ದಿಮನೆಯ ಬಗ್ಗೆ ನಾವು ಆಡುವ ಎಷ್ಟೋ ಮಾತು ಅಲ್ಲಿಂದ ಬಂದದ್ದು. ಒಪ್ಪಿಗೆ ಸಿಗುವುದೇ ದೊಡ್ಡ ಕೆಲಸ. ಚುನಾವಣೆ ಹೊತ್ತಿಗೆ ಹೋಗಿ ಕೇಳಿದರೆ ಸಂಪಾದಕರು ಕೈಮುಗಿಯುತ್ತಾರೆ.

ಅಷ್ಟು ಸಮಯ ಇಲ್ಲದವರಿಗೆ ಒಂದು ಹಳೆಯ ಅಗ್ಗದ ಉಪಾಯ ಇದೆ. ಡೇವಿಡ್ ಮ್ಯಾನಿಂಗ್ ವೈಟ್ 1949ರ ಫೆಬ್ರವರಿಯಲ್ಲಿ ಒಂದು ಪತ್ರಿಕೆಯ ಸುದ್ದಿ ಆರಿಸುವ ಸಂಪಾದಕರೊಬ್ಬರನ್ನು ಕೇಳಿಕೊಂಡರು: ಒಂದು ವಾರ ನೀವು ಬಿಸಾಡುವ ಸುದ್ದಿಯನ್ನೆಲ್ಲ ಇಟ್ಟುಕೊಳ್ಳಿ, ಒಂದೊಂದರ ಮೇಲೂ ಯಾಕೆ ಬೇಡ ಎಂದು ಬರೆಯಿರಿ. ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಪ್ರಕಟವಾಗಿತ್ತು. ಜಾಗವಿಲ್ಲ, ಆಸಕ್ತಿಯಿಲ್ಲ, ಇದು ಪ್ರಚಾರ, ಹೀಗೆ ಕಾರಣಗಳು. 1950ರಲ್ಲಿ "ಮಿಸ್ಟರ್ ಗೇಟ್ಸ್" ಎಂಬ ಅಡ್ಡಹೆಸರಿನಲ್ಲಿ ಆ ಮನುಷ್ಯ ಪಠ್ಯಪುಸ್ತಕ ಸೇರಿದ. ಈಗ ಮಂಗಳೂರಿನ ಒಂದು ಡೆಸ್ಕ್‌ಗೆ ದಿನಕ್ಕೆ ಎಷ್ಟು ಪ್ರೆಸ್ ನೋಟ್ ಬರುತ್ತದೆ ನೋಡಿ. ಬ್ರಹ್ಮಕಲಶೋತ್ಸವ, ರಕ್ತದಾನ ಶಿಬಿರ, ಪದಗ್ರಹಣ, ಯಕ್ಷಗಾನ ಸಪ್ತಾಹ. ಒಬ್ಬ ಉಪಸಂಪಾದಕರು ಒಪ್ಪಿ ಒಂದು ವಾರ ಕಾರಣ ಬರೆದುಕೊಟ್ಟರೆ, ಯಾವ ಜಾತಿ ಸಂಘದ ಸುದ್ದಿ ಡಬಲ್ ಕಾಲಂ ಆಗುತ್ತದೆ, ಯಾವುದು ಹೋಗುವುದೇ ಇಲ್ಲ ಎಂಬುದಕ್ಕೆ ಉತ್ತರ ಸಿಗುತ್ತದೆ. ಇದನ್ನು ಯಾರಾದರೂ ಮಾಡಲಿ ಎಂದು ನನಗೆ ಬಹಳ ಆಸೆ.

ಸೋಶಿಯಲ್ ಮೀಡಿಯಾ ಡೇಟಾ: ಬಾಗಿಲು ಮುಚ್ಚುತ್ತಿರುವ ದಾರಿ

ಹೇಗೆ ಹರಡಿತು ಎಂಬುದು ಎಲ್ಲರಿಗೂ ಇಷ್ಟದ ಪ್ರಶ್ನೆ. ಸುಲಭ ಎಂಬ ಭ್ರಮೆಯೂ ಇದರ ಮೇಲೆಯೇ ಜಾಸ್ತಿ. "ಟ್ವಿಟರ್ ಡೇಟಾ ಇಳಿಸಿಕೊಳ್ಳುತ್ತೇನೆ" ಎಂದು ಇಂದಿಗೂ ಬರೆಯುತ್ತಾರೆ. ಟ್ವಿಟರ್ 2021ರಲ್ಲಿ ಸಂಶೋಧಕರಿಗೆ ಪುಕ್ಕಟೆಯಾಗಿ ತೆರೆದ ಬಾಗಿಲು 2023ರಲ್ಲಿ ಮುಚ್ಚಿತು. ಈಗ ಎಕ್ಸ್‌ನಲ್ಲಿ ಡೇಟಾ ಬೇಕಾದರೆ ದುಡ್ಡು ಕೊಡಬೇಕು. ಫೇಸ್‌ಬುಕ್ ಪೇಜ್‌ಗಳನ್ನು ನೋಡಲು ಇದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್ 14ಕ್ಕೆ ನಿಂತಿತು. ಅದರ ಬದಲಿಗೆ ಮೆಟಾ ಕಂಟೆಂಟ್ ಲೈಬ್ರರಿ ಬಂದಿದೆ. ಅದಕ್ಕೆ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು, ಅರ್ಜಿ ಪರಿಶೀಲಿಸುವುದು ಹೊರದೇಶದ ಒಂದು ಕೇಂದ್ರ. ನಾಲ್ಕು ತಿಂಗಳ ಪ್ರಬಂಧಕ್ಕೆ ಇದನ್ನು ನಂಬಿ ಕೂರಬೇಡಿ.

ಉಳಿದದ್ದರಲ್ಲಿ ಯೂಟ್ಯೂಬ್ ಒಳ್ಳೆಯದು. ಅದರ ಡೇಟಾ ಸೇವೆಯಲ್ಲಿ ದಿನಕ್ಕೆ 10,000 ಯೂನಿಟ್‌ನ ಪುಕ್ಕಟೆ ಮಿತಿ ಇದೆ, ಒಂದೊಂದು ಸಲ ಡೇಟಾ ಕೇಳಿದಾಗಲೂ ಅದರಲ್ಲಿ ಇಷ್ಟು ಯೂನಿಟ್ ಖರ್ಚಾಗುತ್ತದೆ. ಸ್ಥಳೀಯ ಚಾನೆಲ್‌ಗಳ ಕಮೆಂಟ್ ತೆಗೆಯಲು ಅಷ್ಟು ಧಾರಾಳ ಸಾಕು. ಕರಾವಳಿಯ ಸುದ್ದಿ ಈಗ ಜಾಸ್ತಿ ಓಡುತ್ತಿರುವುದೂ ಅಲ್ಲೇ.

ಆದರೆ ಕಮೆಂಟ್ ಓದುವುದು ಯಾರು? "ಎಂಚಿನ ಸಾವು ಮಾರಾಯ್ರೆ, ವೆರಿ ಬ್ಯಾಡ್" ಎಂಬ ಸಾಲಿನಲ್ಲಿ ತುಳು, ಕನ್ನಡ, ಇಂಗ್ಲಿಷ್ ಮೂರೂ ಇವೆ. ಎಷ್ಟೋ ಸಲ ಅದನ್ನು ಬರೆದಿರುವುದು ಇಂಗ್ಲಿಷ್ ಅಕ್ಷರದಲ್ಲಿ. ಬರೆದದ್ದರಲ್ಲಿ ಮೆಚ್ಚುಗೆ ಇದೆಯಾ, ಸಿಟ್ಟಿದೆಯಾ ಎಂದು ಗುರುತಿಸಲು ಇಂಗ್ಲಿಷಿಗೆ ಮಾಡಿದ ಸೆಂಟಿಮೆಂಟ್ ಸಾಫ್ಟ್‌ವೇರ್ ಇದರ ಮುಂದೆ ಕೂತು ಬೆಪ್ಪಾಗುತ್ತದೆ. ಮಂಗಳೂರು ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿಭಾಗದವರು ಸೇರಿ 2022ರಲ್ಲಿ ಏಳು ಸಾವಿರಕ್ಕೂ ಹೆಚ್ಚು ತುಳು ಯೂಟ್ಯೂಬ್ ಕಮೆಂಟ್‌ಗಳನ್ನು ಕೈಯಲ್ಲೇ ಗುರುತು ಹಾಕಿ ಒಂದು ಸಂಗ್ರಹ ಮಾಡಿದ್ದಾರೆ. ಪತ್ರಿಕೋದ್ಯಮ ವಿಭಾಗದವರು ಅದನ್ನು ಬಳಸಿದ್ದು ನನಗೆ ಕಂಡಿಲ್ಲ. ಅದೇ ಕ್ಯಾಂಪಸ್, ಹೋಗಿ ಕೇಳಿದರೆ ಆಯಿತಲ್ಲ. ಸಾಫ್ಟ್‌ವೇರ್ ಬೇಡವಾದರೆ ಐನೂರು ಕಮೆಂಟ್ ಆರಿಸಿ ಕೈಯಲ್ಲೇ ಕೋಡ್ ಮಾಡಿ. ಆಗ ನೀವು ಮತ್ತೆ ಮೊದಲ ದಾರಿಗೆ ಬಂದಿರಿ, ಕಪ್ಪಾ ಇಲ್ಲೂ ಬೇಕು.

ಇನ್ನು ನಮ್ಮ ಮಳೆ ರಜೆ. ಅದು ವಾಟ್ಸಾಪ್‌ನಲ್ಲಿದೆ. ಅಲ್ಲಿ ಹೊರಗಿನಿಂದ ಎಣಿಸಲು ಬಾಗಿಲೇ ಇಲ್ಲ, ಮೆಸೇಜ್ ಕಳಿಸಿದವರಿಗೂ ಪಡೆದವರಿಗೂ ಮಾತ್ರ ಕಾಣುತ್ತದೆ. 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಿದರು. 2020ರ ಏಪ್ರಿಲ್‌ನಲ್ಲಿ, ಐದು ಕೈ ದಾಟಿ ಬಂದ ಎರಡು ಬಾಣದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಎಂದು ಇಳಿಸಿದರು. ಆ ಎರಡು ಬಾಣವೇ ನಿಮಗೆ ಸಿಗುವ ಸುಳಿವು. ಎಷ್ಟು ಜನರಿಗೆ ಹೋಯಿತು ಎಂಬ ಲೆಕ್ಕ ಸಿಗದು.

ಗುಟ್ಟಾಗಿ ಗ್ರೂಪ್ ಸೇರಿ ಸ್ಕ್ರೀನ್‌ಶಾಟ್ ತೆಗೆಯುವ ಐಡಿಯಾ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ಅದು ಸಂಶೋಧನೆ ಅಲ್ಲ, ಕದ್ದು ಕೇಳುವುದು. ನಮ್ಮ ಜಿಲ್ಲೆಗಳಲ್ಲಿ ಒಂದು ಫಾರ್ವರ್ಡ್‌ನಿಂದ ಏನಾಗಬಹುದು ಎಂದು ಗೊತ್ತಿರುವವರು ಇನ್ನೂ ಹುಷಾರಾಗಿರಬೇಕು. ಬದಲಿಗೆ ಒಂದು ಸರಳ ವಿಧಾನ ಇದೆ. ಪೋಷಕರ ಪಕ್ಕ ಕೂತು, ಅವರ ಒಪ್ಪಿಗೆ ಪಡೆದು, ಅವರದೇ ಫೋನಿನಲ್ಲಿ ಹಿಂದಕ್ಕೆ ಸರಿಸುತ್ತಾ ಹೋಗಿ. ಫೋನ್ ಅವರ ಕೈಯಲ್ಲೇ ಇರಲಿ. "ಇದು ಯಾರು ಕಳಿಸಿದ್ದು ಅಕ್ಕ? ನೀವು ಯಾರಿಗೆ ಕಳಿಸಿದಿರಿ? ನಿಜ ಅಂತ ಯಾಕೆ ಅನಿಸ್ತು?" ಎಂದು ಕೇಳಿ. ನೆನಪಿನಿಂದ ಹೇಳುವ ಉತ್ತರಕ್ಕೂ ಫೋನ್ ನೋಡಿ ಹೇಳುವ ಉತ್ತರಕ್ಕೂ ಅಜಗಜಾಂತರ. "ನಾನು ಫಾರ್ವರ್ಡ್ ಮಾಡೋದೇ ಇಲ್ಲ" ಎಂದವರ ಫೋನಿನಲ್ಲಿ ಮನೆಯವರ ಗ್ರೂಪಿಗೆ ಹಾಕಿದ್ದು ಕಾಣುತ್ತದೆ, ಅವರೇ ನಗುತ್ತಾರೆ. ಮಳೆ ರಜೆಗೆ ನಾನು ಆರಿಸುವುದು ಈ ದಾರಿ.

ಬೇರೆ ಕಡೆಯ ದೊಡ್ಡ ಫಲಿತಾಂಶವನ್ನು ಇಲ್ಲಿಗೆ ತಂದು ಅಂಟಿಸುವಾಗಲೂ ಜಾಗ್ರತೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೂವರು 2018ರಲ್ಲಿ ಟ್ವಿಟರ್‌ನ ಸುಮಾರು 1,26,000 ಸುದ್ದಿ ಸರಪಣಿಗಳನ್ನು ನೋಡಿ, ಸುಳ್ಳು ಸುದ್ದಿ ಮರುಟ್ವೀಟ್ ಆಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ. 70 ಜಾಸ್ತಿ ಎಂದರು. ಒಳ್ಳೆಯ ಅಧ್ಯಯನ. ಆದರೆ ಅವರು ನೋಡಿದ್ದು ಫ್ಯಾಕ್ಟ್‌ಚೆಕ್ ಸಂಸ್ಥೆಗಳು ಆಗಲೇ ಪರೀಕ್ಷಿಸಿದ್ದ ಸುದ್ದಿಗಳನ್ನು ಮಾತ್ರ, ಅದೂ ಟ್ವಿಟರ್‌ನಲ್ಲಿ. ಪುತ್ತೂರಿನ ಒಂದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಆ 70ನ್ನು ಹಾಗೇ ತರಲಾಗದು.

ಹಳೆಯ ಕಟ್ಟುಗಳು

ಇತಿಹಾಸ ಇಷ್ಟಪಡುವವರಿಗೆ ಮಂಗಳೂರಿಗಿಂತ ಒಳ್ಳೆಯ ಊರು ಕನ್ನಡದಲ್ಲಿ ಇಲ್ಲ. 1843ರ ಜುಲೈ 1ರಂದು ಬಾಸೆಲ್ ಮಿಷನ್‌ನ ಪಾದ್ರಿ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ತಂದದ್ದು ಇಲ್ಲಿ. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ "ಕನ್ನಡ ಸಮಾಚಾರ" ಆಯಿತು. ಕೊಂಕಣಿಯ "ರಾಕ್ಣೊ" 1938ರಿಂದ ಬರುತ್ತಿದೆ. ಮಣಿಪಾಲದ "ಉದಯವಾಣಿ" 1970ರದ್ದು. ವಡ್ಡರ್ಸೆ ರಘುರಾಮ ಶೆಟ್ಟರ ದಿನಪತ್ರಿಕೆ "ಮುಂಗಾರು" 1984ರದ್ದು. ಬಾಸೆಲ್ ಮಿಷನ್ ದಾಖಲೆಗಳಿಗೆ ಬಲ್ಮಠದ ಥಿಯೋಲಾಜಿಕಲ್ ಕಾಲೇಜಿನ ಆರ್ಕೈವ್ಸ್ ಇದೆ.

ಎಲ್ಲರೂ ಮೊಗ್ಲಿಂಗ್ ಮೇಲೆಯೇ ಬರೆಯುತ್ತಾರೆ. ಆ ಗದ್ದೆ ಉತ್ತು ಉತ್ತು ಸಾಕಾಗಿದೆ. "ಮುಂಗಾರು" ಯಾಕೆ ಏಳಲಿಲ್ಲ, ಅದರಿಂದ ಬಂದವರು ಮುಂದೆ ಎಲ್ಲೆಲ್ಲಿ ಹೋದರು ಎಂಬುದಕ್ಕೆ ಅಲ್ಲಿ ಕೆಲಸ ಮಾಡಿದವರನ್ನು ಈಗಲೇ ಮಾತಾಡಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಕಾಗದ ಇನ್ನೂ ಹತ್ತು ವರ್ಷ ಕಾಯಬಹುದು, ನೆನಪು ಕಾಯುವುದಿಲ್ಲ.

ಆರಿಸುವಾಗ

ಎಂಎ, ಒಬ್ಬರೇ, ದುಡ್ಡಿಲ್ಲ: ಎಣಿಸುವ ದಾರಿ, ಒಂದು ವಿಷಯ, ಎರಡು ಪತ್ರಿಕೆ. ಜನರ ಜೊತೆ ಬೆರೆಯಲು ಇಷ್ಟ, ತುಳು ಬರುತ್ತದೆ: ಸಂದರ್ಶನ. ಕಂಪ್ಯೂಟರ್ ಪ್ರೋಗ್ರಾಮಿಂಗ್ ಗೊತ್ತಿರುವ ಗೆಳೆಯರಿದ್ದಾರೆ: ಯೂಟ್ಯೂಬ್ ಕಮೆಂಟ್. ಪಿಎಚ್‌ಡಿಗೆ ಸೇರಿದ್ದೀರಿ ಎಂದರೆ ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು ವರ್ಷ ಇದೆ, ಆಗ ಎಣಿಕೆಯನ್ನೂ ಸಂದರ್ಶನವನ್ನೂ ಸೇರಿಸಿ. ಮೊದಲು ಎಣಿಸಿ, ಅದರಲ್ಲಿ ವಿಚಿತ್ರವಾಗಿ ಕಂಡದ್ದನ್ನು ಹಿಡಿದುಕೊಂಡು ಸುದ್ದಿಮನೆಗೆ ಹೋಗಿ. "ನೀವು ಹೇಗೆ ಸುದ್ದಿ ಆರಿಸುತ್ತೀರಿ" ಎಂದು ಕೇಳುವುದಕ್ಕಿಂತ, "ಜುಲೈಯಲ್ಲಿ ಬಂದ ಈ ನಲವತ್ತು ಸುದ್ದಿಯಲ್ಲಿ ಮೂರರಲ್ಲಿ ಮಾತ್ರ ಮನೆ ಕಳೆದುಕೊಂಡವರು ಮಾತಾಡಿದ್ದಾರೆ, ಯಾಕೆ ಸರ್?" ಎಂದು ಕೇಳಿದರೆ ಬರುವ ಉತ್ತರವೇ ಬೇರೆ.

ಟಾಪಿಕ್ ಫೈನಲ್ ಮಾಡುವ ಮೊದಲು ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾ ತೆರೆದು, ನಿಮ್ಮದೇ ವಿಷಯದ ಪ್ರಬಂಧ ಆಗಲೇ ಬಂದಿದೆಯಾ ನೋಡಿ. ಬಂದಿದ್ದರೆ ಹೆದರಬೇಡಿ, ಅದರ ವಿಧಾನದ ಅಧ್ಯಾಯ ಮಾತ್ರ ಓದಿ. ಅವರು ಎಣಿಸಿದ್ದರೆ ನೀವು ಮಾತಾಡಿಸಿ, ಅವರು ಸರ್ವೆ ಮಾಡಿದ್ದರೆ ನೀವು ಪೇಪರ್ ತೆರೆಯಿರಿ. ಇನ್ನೂ ಎರಡು ದಾರಿಯ ನಡುವೆ ತೂಗಾಡುತ್ತಿದ್ದರೆ ಸಿನಾಪ್ಸಿಸ್ ಕೊಡುವ ಮೊದಲು ಎರಡನ್ನೂ ಒಂದೊಂದು ದಿನ ಮಾಡಿ ನೋಡಿ. ಒಂದು ದಿನ ಹತ್ತು ಸುದ್ದಿ ಕೋಡ್ ಮಾಡಿ, ಇನ್ನೊಂದು ದಿನ ಒಬ್ಬ ವರದಿಗಾರರನ್ನು ಮಾತಾಡಿಸಿ ಆ ರೆಕಾರ್ಡಿಂಗನ್ನು ನೀವೇ ಕೂತು ಬರೆದಿಳಿಸಿ. ಒಂದು ಗಂಟೆಯ ಮಾತು ಬರೆಯಲು ಅರ್ಧ ದಿನ ಬೇಕು ಎಂಬುದು ಗೈಡ್ ಹೇಳಿದರೆ ತಲೆಗೆ ಹೋಗುವುದಿಲ್ಲ, ಹೆಡ್‌ಫೋನ್ ಹಾಕಿ ಕೂತಾಗ ಗೊತ್ತಾಗುತ್ತದೆ.